ರೆಕ್ಕೆಗೆ ಕಣ್ಣು ಕಟ್ಟಿದ ಕಥೆ

ವಿಡಿಯೊ ಒಟ್ಟು 4 ನಿಮಿಷ 11 ಸೆಕೆಂಡಿನದು. ಮೊದಲಿಗೆ ಗೆಳೆಯನ ಕೈ, ಅವನ ಹವಾಯಿ ಚಪ್ಪಲಿ, ಕೊಯ್ಲಾದ ಗದ್ದೆಯ ಕೂಳೆ. ಆಮೇಲೆ ಒಂದು ಜರ್ಕು, ನೆಲ ಕೆಳಗಿಳಿಯುತ್ತದೆ. ಗದ್ದೆಯ ಹಾಳಿ, ಹುಲ್ಲಿನ ಬಣವೆ, ನಮ್ಮ ಮೂರು ಬೈಕು. ಮೂರನೇ ನಿಮಿಷದ ಹೊತ್ತಿಗೆ ಕಣಿವೆಯಲ್ಲಿ ಉದ್ದಕ್ಕೆ ಹಾಸಿಕೊಂಡ ಅಡಿಕೆ ತೋಟ. ನಂತರ ಚಿತ್ರ ಒಂದೇ ಕಡೆಗೆ ವಾಲಿ ಸುತ್ತತೊಡಗುತ್ತದೆ. ಸೋಗೆ ಹತ್ತಿರವಾಗುತ್ತದೆ, ಪಟಪಟ ಸದ್ದು, ಕತ್ತಲು, ಬೆಳಕು, ಕತ್ತಲು. ಕೊನೆಯ ಮೂರು ಸೆಕೆಂಡು ಅಡ್ಡಬಿದ್ದ ಚಿತ್ರ: ಒಣಗಿದ ಹಾಳೆ, ಒಂದು ಕೆಂಪು ಸೀರೆಯ ಅಂಚು, ಹೆದರಿ ಹಿಂದೆ ಸರಿದ ಎರಡು ಕಾಲು.

ಆ ಕಾಲು ನಮ್ಮ ಪಕ್ಕದ ಮನೆಯ ಅಜ್ಜಿಯದು. ಹಾಳೆ ಹೆಕ್ಕಲು ತೋಟಕ್ಕೆ ಬಂದಿದ್ದರು. ಅವರಿಗೂ ನಮ್ಮ ವಿಮಾನಕ್ಕೂ ನಡುವೆ ಇದ್ದದ್ದು ಎರಡು ಮಾರು.

ಈ ಲೇಖನವನ್ನು 'ನಾವು ವಿಮಾನ ಮಾಡಿದೆವು, ಕ್ಯಾಮೆರಾ ಕಟ್ಟಿದೆವು, ಎಲ್ಲರೂ ಚಪ್ಪಾಳೆ ತಟ್ಟಿದರು' ಎಂದು ಬರೆಯಬಹುದಿತ್ತು. ಹಾಗೆ ಬರೆದರೆ ಇದನ್ನು ಓದಿ ನಾಳೆಯೇ ಥರ್ಮಾಕೋಲ್ ಕತ್ತರಿಸಲು ಕೂರುವವರಿಗೆ ಮೋಸವಾಗುತ್ತದೆ. ಆದ್ದರಿಂದ ಬಿದ್ದದ್ದನ್ನೇ ಮೊದಲು ಹೇಳಿದೆ.

ಮೂವರು, ಹನ್ನೊಂದು ಸಾವಿರ

ನಾವು ಮೂವರು. ಒಬ್ಬ ಶಿರಸಿಯಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ. ಇನ್ನೊಬ್ಬ ಯಲ್ಲಾಪುರದವನು, ಮದುವೆ ಸೀಸನ್ನಿನಲ್ಲಿ ವಿಡಿಯೊ ಕೆಲಸಕ್ಕೆ ಹೋಗುತ್ತಾನೆ. ನಾನು ಸಿದ್ದಾಪುರ ತಾಲ್ಲೂಕಿನ ಹಳ್ಳಿಯವನು. ಬಿ.ಎಸ್ಸಿ ಮುಗಿದಿದೆ, ಕೆಲಸದ ಅರ್ಜಿಗಳು ನಡೆಯುತ್ತಿವೆ, ನಡುವೆ ಅಡಿಕೆ ಸುಲಿತ.

ಹುಚ್ಚು ಹತ್ತಿದ್ದು 'ವೈಲ್ಡ್ ಕರ್ನಾಟಕ' ನೋಡಿ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ಮಾಡಿದ, ಡೇವಿಡ್ ಅಟೆನ್‌ಬರೋ ದನಿ ಕೊಟ್ಟ ಆ ಚಿತ್ರ 2020ರ ಜನವರಿಯಲ್ಲಿ ಚಿತ್ರಮಂದಿರಕ್ಕೆ ಬಂದಿತ್ತು. ನಾವು ನೋಡಿದ್ದು ಬಹಳ ತಡವಾಗಿ, ಮೊಬೈಲಿನಲ್ಲಿ. ಕಾಡಿನ ನೆತ್ತಿಯ ಮೇಲೆ ಕ್ಯಾಮೆರಾ ತೇಲುವಾಗ ಮೂವರಿಗೂ ಒಂದೇ ಯೋಚನೆ: ನಮ್ಮ ಊರು ಮೇಲಿನಿಂದ ಹೇಗೆ ಕಾಣಬಹುದು?

ಡ್ರೋನ್ ಯಾಕೆ ಕೊಳ್ಳಲಿಲ್ಲ ಎಂದು ಕೇಳಬೇಡಿ. ದುಡ್ಡಿರಲಿಲ್ಲ, ಅಷ್ಟೇ. ಮೇಲಾಗಿ 2022ರ ಫೆಬ್ರುವರಿಯಿಂದ ವಿದೇಶಿ ಡ್ರೋನ್‌ಗಳ ಆಮದನ್ನು ಕೇಂದ್ರ ಸರ್ಕಾರ ನಿಷೇಧಿಸಿದೆ. ಬಿಡಿಭಾಗಗಳಿಗೆ ಆ ತಡೆ ಇಲ್ಲ. ಹಾಗಾಗಿ ಮೋಟರು, ಸ್ಪೀಡ್ ಕಂಟ್ರೋಲರ್, ನಾಲ್ಕು ಪುಟ್ಟ ಸರ್ವೊ, ಬ್ಯಾಟರಿ, ರೇಡಿಯೊ ರಿಮೋಟು ತರಿಸಿ, ಉಳಿದದ್ದನ್ನು ಫೋಮ್ ಬೋರ್ಡಿನಲ್ಲಿ ನಾವೇ ಕತ್ತರಿಸಿದೆವು. ಎಲ್ಲ ಸೇರಿ 11,000 ರೂಪಾಯಿ. ಕ್ಯಾಮೆರಾ ಮಾತ್ರ ಯಲ್ಲಾಪುರದವನು ತನ್ನ ಮದುವೆ ಕೆಲಸದಿಂದ ತಂದ ಆ್ಯಕ್ಷನ್ ಕ್ಯಾಮೆರಾ.

ರೆಕ್ಕೆಯೊಳಗೆ ಬೆನ್ನೆಲುಬಿನಂತೆ ಒಂದು ಕೋಲು ಬೇಕು. ಮಲೆನಾಡಿನವರಲ್ಲವೇ, ಮೊದಲು ಅಡಿಕೆ ದಬ್ಬೆ ಸೀಳಿ ಹಾಕಿದೆವು. ಗಟ್ಟಿಯೇನೋ ಗಟ್ಟಿ, ಆದರೆ ಆ ವಿಮಾನವನ್ನು ಹೊತ್ತುಕೊಂಡು ಓಡಬಹುದಿತ್ತೇ ಹೊರತು ಹಾರಿಸಲು ಸಾಧ್ಯವಿರಲಿಲ್ಲ. ಕೊನೆಗೆ ಒಣಗಿದ ಬಿದಿರಿನ ಸಿಗಿತ ಸರಿಹೋಯಿತು.

ತಕ್ಕಡಿಯ ಲೆಕ್ಕ

ನಮ್ಮ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 120 ಸೆಂ.ಮೀ., ಅಗಲ 20 ಸೆಂ.ಮೀ. ಕ್ಯಾಮೆರಾ ಇಲ್ಲದೆ ತೂಕ 780 ಗ್ರಾಂ. ಮೋಟರನ್ನು ಮೂಗಿಗೆ ಹಾಕದೆ ರೆಕ್ಕೆಯ ಹಿಂದೆ, ಮೇಲ್ಗಡೆ ಕೂರಿಸಿದ್ದೆವು. ಮುಂದೆ ಪ್ರೊಪೆಲ್ಲರ್ ಇದ್ದರೆ ಅದು ಚಿತ್ರದಲ್ಲಿ ಬಾಗಿದ ಕತ್ತಿಗಳ ಹಾಗೆ ತೇಲುತ್ತದೆ. ಹಿಂದಿದ್ದರೆ ಆ ಕಾಟವಿಲ್ಲ.

ಕ್ಯಾಮೆರಾ ತೂಕ 118 ಗ್ರಾಂ. ಇಷ್ಟೇ ತಾನೇ ಎಂದುಕೊಂಡು ಮೂಗಿಗೆ ಅಂಟಿಸಿ ಎಸೆದೆವು. ವಿಮಾನ ಐದು ಮಾರು ಹೋಗಿ ಗದ್ದೆಗೆ ಮೂಗು ಊರಿತು. ಎರಡನೇ ಸಲವೂ ಅದೇ. ಮೂರನೇ ಸಲ ಎಸೆಯುವ ಮೊದಲು ಡಿಪ್ಲೊಮಾದವನು ಕಾಗದ ತೆಗೆದ.

ಯಾವುದೇ ವಿಮಾನಕ್ಕೆ ಒಂದು ಗುರುತ್ವ ಕೇಂದ್ರ ಇರುತ್ತದೆ. ನಮ್ಮಂಥ ನೇರ ರೆಕ್ಕೆಯ ವಿಮಾನದಲ್ಲಿ ಅದು ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ, ಎಂದರೆ ಸುಮಾರು 5ರಿಂದ 6 ಸೆಂ.ಮೀ. ಹಿಂದೆ ಬರಬೇಕು. ಎರಡು ಬೆರಳನ್ನು ಅಲ್ಲಿಟ್ಟು ಎತ್ತಿದರೆ ವಿಮಾನ ಸಮವಾಗಿ, ಮೂಗು ಒಂದಿಷ್ಟೇ ಇಷ್ಟು ಕೆಳಗಾಗಿ ನಿಲ್ಲಬೇಕು. ಮೂಗು ಅತಿ ಭಾರವಾದರೆ ವಿಮಾನ ಮೇಲೇಳುವುದಿಲ್ಲ. ಬಾಲ ಭಾರವಾದರೆ ಇನ್ನೂ ಅಪಾಯ: ಎದ್ದ ಮೇಲೆ ನಿಮ್ಮ ಮಾತೇ ಕೇಳುವುದಿಲ್ಲ.

ಮೂಗು ಆ ಕೇಂದ್ರದಿಂದ 22 ಸೆಂ.ಮೀ. ಮುಂದಿತ್ತು. 118ನ್ನು 22ರಿಂದ ಗುಣಿಸಿದರೆ 2,596. ಇದನ್ನು ಸರಿದೂಗಿಸಲು 180 ಗ್ರಾಮಿನ ಬ್ಯಾಟರಿಯನ್ನು 14 ಸೆಂಟಿಮೀಟರಿಗಿಂತ ಹೆಚ್ಚು ಹಿಂದೆ ಸರಿಸಬೇಕು. ಹೊಟ್ಟೆಯೊಳಗೆ ಇದ್ದ ಜಾಗ 9 ಸೆಂ.ಮೀ. ಅಂಗಡಿಯ ತಕ್ಕಡಿಯಲ್ಲಿ ನಾವು ದಿನವೂ ನೋಡುವ ಲೆಕ್ಕವೇ ಇದು. ಪಿ.ಯು.ಸಿ.ಯಲ್ಲಿ ಐದು ಅಂಕಕ್ಕೆ ಬಾಯಿಪಾಠ ಮಾಡಿ, ಪರೀಕ್ಷೆಯ ಸಂಜೆಯೇ ಮರೆತದ್ದು.

ಹೊಟ್ಟೆಯ ಕೆಳಗೆ ಕಟ್ಟೋಣವೆಂದರೆ ನಮ್ಮ ವಿಮಾನಕ್ಕೆ ಚಕ್ರವಿಲ್ಲ, ಹೊಟ್ಟೆಯ ಮೇಲೇ ಜಾರಿ ಇಳಿಯಬೇಕು. ಮೊದಲ ಇಳಿತಕ್ಕೇ ಮಸೂರ ಚೂರು. ಕಡೆಗೆ ರೆಕ್ಕೆಯ ಮೇಲೆ, ಕೇಂದ್ರದಿಂದ 6 ಸೆಂ.ಮೀ. ಮುಂದೆ ಕೂರಿಸಿದೆವು. ಬ್ಯಾಟರಿ ನಾಲ್ಕೇ ಸೆಂಟಿಮೀಟರು ಹಿಂದೆ ಸರಿದರೆ ಸಾಕಾಯಿತು. ಚಿತ್ರದಲ್ಲಿ ವಿಮಾನದ ಮೂಗು ಕಾಣುತ್ತದೆ ಎಂದು ಮೊದಲು ಬೇಸರವಾಗಿತ್ತು. ಆದರೆ ನೋಡಿದಾಗ ಅದೇ ಚೆಂದ. ಮೂಗು ಕಾಣದಿದ್ದರೆ ಭೂಮಿ ವಾಲುತ್ತಿದೆಯೋ ವಿಮಾನ ವಾಲುತ್ತಿದೆಯೋ ಗೊತ್ತಾಗುವುದಿಲ್ಲ, ನೋಡುವವರಿಗೆ ತಲೆ ಸುತ್ತು ಬರುತ್ತದೆ.

ಒಮ್ಮೆ ಎಡ ರೆಕ್ಕೆಯ ತುದಿಯ ಬಳಿ 18 ಗ್ರಾಮಿನ ಕೀಚೈನ್ ಕ್ಯಾಮೆರಾ ಕಟ್ಟಿಯೂ ನೋಡಿದೆವು. ಬಲ ರೆಕ್ಕೆಗೆ ಸರಿದೂಗಲು ಹತ್ತು ರೂಪಾಯಿಯ ಎರಡು ನಾಣ್ಯ. ಒಂದೊಂದೂ ಸುಮಾರು ಏಳೂಮುಕ್ಕಾಲು ಗ್ರಾಂ ಇರುತ್ತದೆ, ಕ್ಯಾಮೆರಾಕ್ಕಿಂತ ಸ್ವಲ್ಪ ತುದಿಗೆ ಅಂಟಿಸಿದರೆ ಲೆಕ್ಕ ಸರಿಯಾಗುತ್ತದೆ. ಅದರಲ್ಲಿ ಒಂದು ನಾಣ್ಯ ಯಾವುದೋ ಗದ್ದೆಯಲ್ಲಿ ಬಿದ್ದುಹೋಗಿದೆ. ಸಿಕ್ಕವರಿಗೆ ಪುಣ್ಯ.

ತೂಕದ ಬಗ್ಗೆ ಇನ್ನೊಂದು ಮಾತು. ಕ್ಯಾಮೆರಾ ಸೇರಿದ ಮೇಲೆ ನಮ್ಮ ವಿಮಾನದ ತೂಕ ಶೇ 15ರಷ್ಟು ಹೆಚ್ಚಾಯಿತು. ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗ ತೂಕದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ, ಎಂದರೆ ಶೇ 7ರಷ್ಟು. ಕೇಳಲು ಸಣ್ಣದು. ಆದರೆ ಇಳಿಸುವಾಗ ಹಳೆಯ ಅಂದಾಜಿನಲ್ಲೇ ವೇಗ ಇಳಿಸಿದಿರೋ, ವಿಮಾನ ಆಳೆತ್ತರದಲ್ಲಿ ಕೈಕೊಟ್ಟು ದೊಪ್ಪೆಂದು ಕೂರುತ್ತದೆ.

ಪಾರಿವಾಳದ ಕೊರಳಲ್ಲಿ

ಈ ಗ್ರಾಮುಗಳ ಜಗಳ ನಮ್ಮದು ಮಾತ್ರವಲ್ಲ ಎಂದು ಓದಿ ಸಮಾಧಾನವಾಯಿತು. ಫ್ರಾನ್ಸಿನ ನಾದಾರ್ 1858ರಲ್ಲೇ ಬಲೂನಿನಿಂದ ಫೋಟೊ ತೆಗೆದಿದ್ದ. ಅದೇ ದೇಶದ ಆರ್ಥರ್ ಬಟೂ 1888ರಲ್ಲಿ ಗಾಳಿಪಟಕ್ಕೆ ಕ್ಯಾಮೆರಾ ಕಟ್ಟಿದ. ನನಗೆ ಎಲ್ಲರಿಗಿಂತ ಇಷ್ಟವಾದವನು ಜರ್ಮನಿಯ ಔಷಧ ವ್ಯಾಪಾರಿ ಯೂಲಿಯುಸ್ ನೊಯ್‌ಬ್ರೊನ್ನರ್. ಅವನು ಪಾರಿವಾಳದ ಎದೆಗೆ ಪುಟ್ಟ ಕ್ಯಾಮೆರಾ ಕಟ್ಟಿ, ತನ್ನಷ್ಟಕ್ಕೆ ಚಿತ್ರ ತೆಗೆಯುವ ವ್ಯವಸ್ಥೆ ಮಾಡಿ, 1908ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಪಾರಿವಾಳ ಹೊರಬಲ್ಲದ್ದು 75 ಗ್ರಾಂ. ಅದಕ್ಕಿಂತ ಒಂದು ಗ್ರಾಂ ಹೆಚ್ಚಾದರೂ ಹಕ್ಕಿ ಒಪ್ಪುತ್ತಿರಲಿಲ್ಲ. ಮರು ವರ್ಷ, 1909ರ ಏಪ್ರಿಲ್‌ನಲ್ಲಿ, ವಿಲ್ಬರ್ ರೈಟ್ ರೋಮ್ ಬಳಿಯ ಸೆಂಟೊಚೆಲ್ಲೆಯಲ್ಲಿ ಹಾರಿಸಿದ ವಿಮಾನದಲ್ಲಿ ಸಿನಿಮಾ ಕ್ಯಾಮೆರಾವೂ ಇತ್ತು. ಆ ತುಣುಕು ಇಂದಿಗೂ ನೋಡಲು ಸಿಗುತ್ತದೆ. ನೂರು ವರ್ಷ ಹಳೆಯದಾದರೂ ನಮ್ಮ ಮೊದಲ ವಿಡಿಯೊಗಿಂತ ಸ್ಪಷ್ಟವಾಗಿದೆ, ಅದೇ ನಾಚಿಕೆ.

ಜೆಲ್ಲಿಯಾದ ಊರು

ಹೌದು, ನಮ್ಮ ಮೊದಲ ವಿಡಿಯೊದಲ್ಲಿ ಊರೆಲ್ಲ ಹಾಲುಬಾಯಿಯ ಹಾಗೆ ಅಲುಗುತ್ತಿತ್ತು. ಗೋಪುರ ಬಳುಕುತ್ತಿತ್ತು, ವಿದ್ಯುತ್ ಕಂಬ ಹಾವಾಗಿತ್ತು. ಕ್ಯಾಮೆರಾವೇ ಹಾಳಾಗಿದೆ ಎಂದು ಯಲ್ಲಾಪುರದವನ ಮುಖ ಬಿಳಿಚಿಕೊಂಡಿತು.

ಕ್ಯಾಮೆರಾ ಸರಿಯಾಗಿಯೇ ಇತ್ತು. ಇಂಥ ಕ್ಯಾಮೆರಾಗಳು ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಹಿಡಿಯುವುದಿಲ್ಲ, ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತವೆ. ಒಂದು ಚಿತ್ರ ಓದಲು ಸೆಕೆಂಡಿನ 60ನೇ ಒಂದು ಭಾಗ ಬೇಕು ಎಂದಿಟ್ಟುಕೊಳ್ಳಿ. ನಮ್ಮ ಪ್ರೊಪೆಲ್ಲರ್ ನಿಮಿಷಕ್ಕೆ 8,000 ಸುತ್ತು, ಎಂದರೆ ಸೆಕೆಂಡಿಗೆ 133 ಸುತ್ತು ತಿರುಗುತ್ತದೆ. ಒಂದು ಚಿತ್ರ ಓದಿ ಮುಗಿಯುವಷ್ಟರಲ್ಲಿ ಅದು ಎರಡು ಸಲ ನಡುಗಿಸಿರುತ್ತದೆ. ಆ ಎರಡು ನಡುಕವೇ ಚಿತ್ರದಲ್ಲಿ ಎರಡು ಅಲೆ.

ಮದ್ದು ಮೂರು ಕಡೆ ಇದೆ. ಮೊದಲನೆಯದು ನಡುಕ ಹುಟ್ಟುವಲ್ಲಿ. ಪ್ರೊಪೆಲ್ಲರನ್ನು ಸೂಜಿಯ ಮೇಲೆ ತೂಗಿ ನೋಡಿದರೆ ಒಂದು ಎಸಳು ಕೆಳಗಿಳಿಯುತ್ತದೆ. ಹಗುರವಾದ ಎಸಳಿಗೆ ಸೆಲ್ಲೊ ಟೇಪಿನ ಚೂರು ಅಂಟಿಸುತ್ತ ಬಂದರೆ ಎರಡೂ ಸಮವಾಗುತ್ತವೆ. ಇದೊಂದರಿಂದಲೇ ನಮ್ಮ ಅರ್ಧ ಜೆಲ್ಲಿ ಇಳಿಯಿತು. ಎರಡನೆಯದು ನಡುಕ ಸಾಗುವ ದಾರಿಯಲ್ಲಿ. ಕ್ಯಾಮೆರಾವನ್ನು ಗಟ್ಟಿ ಪ್ಲಾಸ್ಟಿಕ್ ತಳಕ್ಕೆ ಬಿಗಿಯದೆ ಮೆತ್ತನೆಯ ಸ್ಪಂಜಿನ ಮೇಲೆ ಕೂರಿಸಿ ಅಗಲ ರಬ್ಬರ್ ಪಟ್ಟಿಯಿಂದ ಹಿಡಿಸಬೇಕು. ತೀರಾ ಸಡಿಲವಾದರೆ ಗಾಳಿಗೆ ಕ್ಯಾಮೆರಾವೇ ತೂರಾಡುತ್ತದೆ. ಹದ ಸಿಗಲು ನಮಗೆ ಎರಡು ವಾರ ಹಿಡಿಯಿತು. ಮೂರನೆಯದು ಬೆಳಕು. ಬಿಸಿಲು ಹೆಚ್ಚಿದ್ದಾಗ ಕ್ಯಾಮೆರಾ ಶಟರನ್ನು ಅತಿ ವೇಗವಾಗಿ ಮುಚ್ಚಿ ತೆಗೆಯುತ್ತದೆ, ಆಗ ಪ್ರತಿ ನಡುಕವೂ ಚೂಪಾಗಿ ಮೂಡುತ್ತದೆ. ಮಸೂರದ ಮುಂದೆ ಕಪ್ಪು ಫಿಲ್ಟರ್ ಹಾಕಿದರೆ ಶಟರ್ ನಿಧಾನವಾಗಿ ಎಲ್ಲ ಒಂದಿಷ್ಟು ಬೆರೆಯುತ್ತದೆ. ಫಿಲ್ಟರಿಗೆ ಕಾಸಿಲ್ಲದ ನಾವು ಜಾತ್ರೆಯಲ್ಲಿ ಕೊಂಡ ಕೂಲಿಂಗ್ ಗ್ಲಾಸಿನ ಗಾಜು ಕತ್ತರಿಸಿ ಹಾಕಿದೆವು. ಊರು ಚೂರು ಕಂದು ಬಣ್ಣಕ್ಕೆ ತಿರುಗಿತು, ಆದರೆ ಕಂಬ ನೆಟ್ಟಗಾಯಿತು.

ಕೆಂಪು ಸೀರೆ

ಇಷ್ಟೆಲ್ಲ ಲೆಕ್ಕ ಹಾಕಿದವರು ಒಂದು ಲೆಕ್ಕ ಬಿಟ್ಟಿದ್ದೆವು.

ಆ ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಇಬ್ಬನಿ ಕರಗಿತ್ತು, ಗಾಳಿ ಇರಲಿಲ್ಲ. ರಿಮೋಟು ನನ್ನ ಕೈಯಲ್ಲಿ. ವಿಮಾನ ಸುಮಾರು 60 ಮೀಟರು ಎತ್ತರಕ್ಕೆ ಏರಿ, 200 ಮೀಟರು ದೂರ ಹೋಗಿ ಎಡಕ್ಕೆ ತಿರುಗಿತು. ವಾಪಸು ತಿರುಗಿಸಲು ಬಲಕ್ಕೆ ಒತ್ತಿದೆ. ತಿರುಗಲಿಲ್ಲ. ಮತ್ತೆ ಒತ್ತಿದೆ. ಇಲ್ಲ. ಮೋಟರ್ ಮಾತ್ರ ಗುಂಯ್‌ಗುಡುತ್ತಲೇ ಇತ್ತು. ಎಡಕ್ಕೆ ವಾಲಿದ ವಿಮಾನ ಹಾಗೆಯೇ ಸುತ್ತು ಹೊಡೆಯುತ್ತ, ಒಂದೊಂದು ಸುತ್ತಿಗೂ ತೋಟದ ಕಡೆ ಸರಿಯುತ್ತ, ಇಳಿಯುತ್ತ ಹೋಯಿತು. ನಾವು ಓಡಿದೆವು. ಓಡಿ ಪ್ರಯೋಜನವಿಲ್ಲ ಎಂದು ಮೂವರಿಗೂ ಗೊತ್ತಿತ್ತು.

ತೋಟದಲ್ಲಿ ಅಜ್ಜಿ ಹಾಳೆಯ ಕಟ್ಟು ಬಿಟ್ಟು ನಿಂತಿದ್ದರು. 'ಎಂತಾ ತಮಾ ಅದು? ಆನು ಹದ್ದೇ ಬಿತ್ತು ಅಂದ್ಕಂಡಿ' ಎಂದರು. ನಾನು ಏನು ಉತ್ತರಿಸಿದೆನೋ ನೆನಪಿಲ್ಲ. ಪ್ರೊಪೆಲ್ಲರ್ ಇನ್ನೂ ಒಣ ಸೋಗೆಗೆ ಬಡಿಯುತ್ತಿತ್ತು. ಬ್ಯಾಟರಿ ಕಿತ್ತೆ.

ಕಾರಣ ತಿಳಿದದ್ದು ಸಂಜೆ. ಕ್ಯಾಮೆರಾದ ವೈಫೈ ಚಾಲೂ ಇತ್ತು. ಫೋನಿನಲ್ಲಿ ಫ್ರೇಮ್ ನೋಡಿಕೊಳ್ಳಲು ಆನ್ ಮಾಡಿದ್ದು, ಆಫ್ ಮಾಡಲು ಮರೆತಿದ್ದೆ. ಅದು ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ತರಂಗದಲ್ಲಿ, ನಮ್ಮ ರಿಮೋಟೂ ಅದರಲ್ಲೇ. ವಿಮಾನದ ರಿಸೀವರ್ ಕ್ಯಾಮೆರಾದಿಂದ ನಾಲ್ಕು ಬೆರಳು ದೂರದಲ್ಲಿತ್ತು. ಕಿವಿಯ ಪಕ್ಕದಲ್ಲೇ ಒಬ್ಬ ಕೂಗುತ್ತಿದ್ದರೆ ಗದ್ದೆಯಾಚೆಯಿಂದ ಕರೆದದ್ದು ಕೇಳುತ್ತದೆಯೇ? ಇದರ ಜೊತೆಗೆ ಇನ್ನೊಂದು ತಪ್ಪು. ಸಂಪರ್ಕ ತಪ್ಪಿದರೆ ಮೋಟರ್ ತಾನಾಗಿ ನಿಲ್ಲಲಿ ಎಂಬ ಫೇಲ್‌ಸೇಫ್ ವ್ಯವಸ್ಥೆ ರಿಮೋಟಿನಲ್ಲಿಯೇ ಇತ್ತು. ನಾವು ಅದನ್ನು ಹೊಂದಿಸಿರಲಿಲ್ಲ. ಹೊಂದಿಸದಿದ್ದುದರಿಂದ ವಿಮಾನ ಕೊನೆಯ ಆಜ್ಞೆಯನ್ನೇ ಪಾಲಿಸುತ್ತ ಹೋಗಿತ್ತು.

ರಾತ್ರಿ ವಿಡಿಯೊವನ್ನು ಅಪ್ಪಯ್ಯನಿಗೆ ತೋರಿಸಲೇಬೇಕಾಯಿತು. ಅಜ್ಜಿ ಆಗಲೇ ಬಂದು ಹೇಳಿ ಹೋಗಿದ್ದರು, ದೂರಲ್ಲ, ಸುದ್ದಿಯಾಗಿ. ಅಪ್ಪಯ್ಯ ಕೊನೆಯವರೆಗೆ ನೋಡಿ 'ಇನ್ನೊಂದ್ಸಲ ಹಾಕು' ಎಂದರು. ಹಾಕಿದೆ. ಮತ್ತೆ 'ಹಾಕು' ಎಂದರು. ಮೂರನೇ ಸಲ ನೋಡಿ ಎದ್ದು ಮಲಗಲು ಹೋದರು. ಬೈದಿದ್ದರೆ ನಾನೂ ಮಲಗುತ್ತಿದ್ದೆ.

ನಿದ್ದೆ ಬರದೆ ಒಂದು ಲೆಕ್ಕ ಹಾಕಿದೆ. ಹನ್ನೆರಡು ಮೀಟರಿನ ಅಡಿಕೆ ಮರದ ತುದಿಯಿಂದ ಬಿದ್ದ ವಸ್ತು, ಗಾಳಿಯ ತಡೆಯನ್ನು ಬಿಟ್ಟರೆ, ನೆಲ ಮುಟ್ಟುವಾಗ ಗಂಟೆಗೆ 55 ಕಿ.ಮೀ. ವೇಗದಲ್ಲಿರುತ್ತದೆ. 900 ಗ್ರಾಂ. ಸೋಗೆ ತಡೆಯಿತು, ಅಷ್ಟೇ. ನಮ್ಮ ಜಾಣತನ ಏನೂ ತಡೆಯಲಿಲ್ಲ.

ಮೊದಲೇ ಓದಬೇಕಾಗಿದ್ದ ನಿಯಮ

ಬಿದ್ದ ಮೇಲೆ ಓದಿದೆವು. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ನಾಲ್ಕು ರೆಕ್ಕೆಯ ಯಂತ್ರಕ್ಕೆ ಮಾತ್ರ ಎಂದು ನಾವು ನಂಬಿದ್ದೆವು. ತಪ್ಪು. ಪೈಲಟ್ ಒಳಗಿಲ್ಲದೆ ಹಾರುವ ಎಲ್ಲಕ್ಕೂ ಅವು ಅನ್ವಯಿಸುತ್ತವೆ, ಫೋಮ್ ವಿಮಾನವೂ ಸೇರಿ. 250 ಗ್ರಾಂವರೆಗಿನದು ನ್ಯಾನೊ, ಅಲ್ಲಿಂದ 2 ಕೆ.ಜಿ.ವರೆಗೆ ಮೈಕ್ರೊ, 25 ಕೆ.ಜಿ.ವರೆಗೆ ಸ್ಮಾಲ್. ನಮ್ಮದು ಮೈಕ್ರೊ. ವ್ಯಾಪಾರಕ್ಕಲ್ಲದೆ ಹಾರಿಸುವ ಮೈಕ್ರೊಗೆ ಪೈಲಟ್ ಪ್ರಮಾಣಪತ್ರ ಬೇಡ, ಆದರೆ ನೋಂದಾಯಿಸಿ ಗುರುತಿನ ಸಂಖ್ಯೆ ಪಡೆಯಬೇಕು. ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಹಸಿರು ವಲಯ ಇದ್ದಲ್ಲಿ 400 ಅಡಿವರೆಗೆ ಅನುಮತಿ ಕೇಳದೆ ಹಾರಿಸಬಹುದು. ಹಳದಿಯಲ್ಲಿ ಅನುಮತಿ ಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಆಗದು. ನಿಯಮ ಮುರಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಮದುವೆ ಮನೆಯಲ್ಲಿ ದುಡ್ಡಿಗೆ ಹಾರಿಸಿದಿರೋ, ಅದು ವ್ಯಾಪಾರ. ಈ ವಾಕ್ಯವನ್ನು ನಮ್ಮ ಯಲ್ಲಾಪುರದವನಿಗೆ ಎರಡು ಸಲ ಓದಿ ಹೇಳಿದ್ದೇನೆ.

ನಕ್ಷೆ ಹಸಿರಿದ್ದ ಮಾತ್ರಕ್ಕೆ ಎಲ್ಲ ಮುಗಿಯಿತು ಎಂದಲ್ಲ. ಕೈಗಾ ಅಣುಸ್ಥಾವರವೂ ಕಾರವಾರದ ನೌಕಾನೆಲೆಯೂ ಇರುವ ಜಿಲ್ಲೆ ನಮ್ಮದು. ಯಲ್ಲಾಪುರದಿಂದ ಆ ದಿಕ್ಕಿಗೆ ಹೋಗುವವರು ನಕ್ಷೆ ನೋಡದೆ ಚೀಲವನ್ನೇ ಬಿಚ್ಚಬಾರದು. ಇನ್ನು ಜಲಪಾತಗಳ ಆಸೆ. ಮಾಗೋಡು, ಸಾತೊಡ್ಡಿ, ಉಂಚಳ್ಳಿ, ಇವನ್ನು ಮೇಲಿನಿಂದ ತೆಗೆಯಬೇಕೆಂದು ಯಾರಿಗೆ ಅನ್ನಿಸುವುದಿಲ್ಲ? ಆದರೆ ಅಘನಾಶಿನಿ ಕಣಿವೆ 2011ರಿಂದ ಸಿಂಗಳೀಕಗಳ ಸಂರಕ್ಷಿತ ಪ್ರದೇಶ. ಬೇಡ್ತಿ ಕಣಿವೆಯೂ ಅದೇ ವರ್ಷ ಸಂರಕ್ಷಿತ ಪ್ರದೇಶವಾಯಿತು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಏನನ್ನೂ ಹಾರಿಸುವಂತಿಲ್ಲ. ಉಂಚಳ್ಳಿಯನ್ನು ಕೆಪ್ಪಜೋಗ ಎನ್ನುತ್ತಾರೆ. ಆ ಭೋರ್ಗರೆತದಲ್ಲಿ ನಮ್ಮ ಮೋಟರಿನ ಸದ್ದು ಯಾರಿಗೆ ಕೇಳುತ್ತದೆ ಎಂದು ಒಬ್ಬ ವಾದಿಸಿದ. ಮರದ ತುದಿಯಲ್ಲಿ ಕೂತ ಸಿಂಗಳೀಕಕ್ಕೆ ಕೇಳಬೇಕಾಗಿಲ್ಲ, ಕಂಡರೆ ಸಾಕು.

ಹದ್ದು, ಗರುಡಗಳ ಜಗಳ ಬೇರೆ. ಎರಡು ಸಲ ಗರುಡ ನಮ್ಮ ವಿಮಾನದ ಬೆನ್ನು ಹತ್ತಿ ಬಂದಿದೆ. ಆಕಾಶ ಅದರದು, ಆದ್ದರಿಂದ ಇಳಿಸುವವರು ನಾವೇ.

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬಂದಾಗ ರಥದ ಮೇಲೆ ಹಾರಿಸಲು ಕೈ ತುರಿಸುವವರು ಬಹಳ. ಪೊಲೀಸ್ ವರಿಷ್ಠಾಧಿಕಾರಿ ಹಂತದ ಅಧಿಕಾರಿ ಯಾವುದೇ ಜಾಗವನ್ನು 96 ಗಂಟೆಯವರೆಗೆ ತಾತ್ಕಾಲಿಕ ಕೆಂಪು ವಲಯವೆಂದು ಸಾರಬಹುದು. ಸಾರದಿದ್ದರೂ ಸರಿಯೇ, ಕೆಳಗೆ ಸೋಗೆ ಇರುವುದಿಲ್ಲ, ತಲೆಗಳಿರುತ್ತವೆ.

ಕೊನೆಗೌಡರು ಕಂಡದ್ದು

ತಿಂಗಳ ನಂತರ ಮತ್ತೆ ಹಾರಿಸಿದೆವು. ವೈಫೈ ಆಫ್, ರಿಸೀವರ್ ರೆಕ್ಕೆಯ ಇನ್ನೊಂದು ತುದಿಗೆ, ಫೇಲ್‌ಸೇಫ್ ಹೊಂದಿಸಿ, ನೆಲದ ಮೇಲೇ ರಿಮೋಟ್ ಆಫ್ ಮಾಡಿ ಮೋಟರ್ ನಿಲ್ಲುತ್ತದೆಯೇ ಎಂದು ನೋಡಿ. ಒಬ್ಬ ವಿಮಾನ ಹಿಡಿದು ನಿಲ್ಲುವುದು, ಇನ್ನೊಬ್ಬ ರಿಮೋಟ್ ಹಿಡಿದು ಹಿಂದೆ ಹಿಂದೆ ನಡೆಯುವುದು, ಎಲ್ಲಿವರೆಗೆ ರೆಕ್ಕೆಯ ಪಟ್ಟಿ ಮಾತು ಕೇಳುತ್ತದೆ ಎಂದು ಪ್ರತಿ ಸಲ ಪರೀಕ್ಷೆ. ತೋಟದ ಮೇಲೆ ಹೋಗುವುದಾದರೆ ಕೆಳಗೆ ಯಾರೂ ಇಲ್ಲ ಎಂದು ಮೊದಲು ನಡೆದು ನೋಡಿ ಬರುವುದು.

ಆ ಸಲದ ವಿಡಿಯೊ ನೋಡುವಾಗ ಕೊನೆ ಕೊಯ್ಯಲು ಬಂದಿದ್ದ ಕೊನೆಗೌಡರೂ ಜಗುಲಿಯಲ್ಲಿದ್ದರು. ಲ್ಯಾಪ್‌ಟಾಪಿನಲ್ಲಿ ಹಸಿರು ನಕ್ಷತ್ರಗಳ ರಾಶಿಯ ಹಾಗೆ ತೋಟ ಕಂಡಾಗ ನಾವು 'ಅಬ್ಬಾ' ಎಂದೆವು. ಅವರು ಕವಳ ಒಂದು ಬದಿಗೆ ಸರಿಸಿ, 'ಇದ್ನ ನಾ ಮೊದ್ಲಿಂದೂ ಕಾಣ್ತೇ ಇದ್ದೆ ತಮಾ' ಎಂದರು.

ಹೌದಲ್ಲ! ಒಂದು ಮರದಿಂದ ಇನ್ನೊಂದು ಮರಕ್ಕೆ ತುದಿಯಲ್ಲೇ ಜೀಕಿ ದಾಟುವವರು ಅವರು. ನಮಗೆ ಹನ್ನೊಂದು ಸಾವಿರದ ನೋಟ, ಅವರಿಗೆ ದಿನದ ಕೆಲಸ. ಪರದೆಗೆ ಬೆರಳಿಟ್ಟು, ಇದು ಯಾರ ತೋಟ, ಇಲ್ಲಿ ಹೊಳೆ ತಿರುಗುವುದು, ಇದು ಹಳೇ ಮರಗಳ ಸಾಲು ಎಂದು ಹೇಳುತ್ತ ಹೋದರು. ಕೆಳಗಿನ ಮೂಲೆಯಲ್ಲಿ ಒಂದು ಜಾಗ ಬಂದಾಗ ನಿಲ್ಲಿಸಲು ಹೇಳಿದರು. ಎಂಟು ಹತ್ತು ಮರಗಳ ಸೋಗೆ ಹಳದಿಯಾಗಿತ್ತು. ಅಲ್ಲಿ ಅಗಳ ಕಟ್ಟಿಕೊಂಡು ನೀರು ನಿಂತಿದೆ ಎಂದರು. ಹೋಗಿ ನೋಡಿದರೆ ನಿಂತಿತ್ತು. ವಿಡಿಯೊ ತೋರಿಸಿದ್ದು ಹಳದಿ ಬಣ್ಣ ಮಾತ್ರ, ಅದರ ಅರ್ಥ ಓದಿದ್ದು ಅವರ ಕಣ್ಣು.

ಇನ್ನೊಂದು ನನಗೆ ಮೊದಲ ಸಲ ಕಂಡದ್ದು ಸೊಪ್ಪಿನ ಬೆಟ್ಟ. ನಮ್ಮ ಮೂರೂ ತಾಲ್ಲೂಕಿನಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಎಂದು ಬ್ರಿಟಿಷರ ಕಾಲದಿಂದ ಬಂದ ಲೆಕ್ಕ ಕೇಳಿದ್ದೆ. ಮೇಲಿನಿಂದ ನೋಡಿದಾಗ ತೋಟ ಒಂದು ಸಣ್ಣ ಪಟ್ಟಿ, ಸುತ್ತ ಅದನ್ನು ಸಾಕುವ ಬೆಟ್ಟ. ಕೆಲವು ಕಡೆ ಆ ಬೆಟ್ಟ ಬೋಳಾಗಿರುವುದೂ ಕಂಡಿತು. ಕೆಳಗೆ ನಿಂತಾಗ ಇದು ಕಣ್ಣಿಗೆ ಬೀಳುವುದಿಲ್ಲ. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳೇ ಹೋದವು. ಅಂಥ ಕುಸಿತದ ಅಗಲ ನೆಲದಲ್ಲಿ ನಿಂತು ತೆಗೆದ ಫೋಟೊದಲ್ಲಿ ಹಿಡಿಯುವುದೇ ಇಲ್ಲ. ನಮ್ಮ ಬೇಡ್ತಿಯೇ ಗಂಗಾವಳಿಯಾಗಿ ಹರಿಯುವ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದಾಗ, ನದಿಯೊಳಗೆ ಮುಳುಗಿದ ಲಾರಿ ಹುಡುಕಲು ಡ್ರೋನ್ ಬಳಸುವ ತಂಡವೇ ಬಂದಿತ್ತು.

ಕೆಲಸ ಸಿಗುತ್ತದಾ?

ನನ್ನಂತೆಯೇ ಅರ್ಜಿ ಹಾಕುತ್ತ ಕುಳಿತವರು ಕೇಳುವ ಪ್ರಶ್ನೆ ಇದು. ಫೋಮ್ ವಿಮಾನದಿಂದ ಸಿಗುವುದಿಲ್ಲ. ಆದರೆ ಅದರಲ್ಲಿ ಕೈ ಪಳಗಿದವರಿಗೆ ಮುಂದಿನ ದಾರಿ ಸುಲಭ. 18 ವರ್ಷ ತುಂಬಿ, ಹತ್ತನೇ ತರಗತಿ ಪಾಸಾಗಿದ್ದರೆ, ಡಿಜಿಸಿಎ ಮಾನ್ಯತೆಯ ತರಬೇತಿ ಸಂಸ್ಥೆಯಲ್ಲಿ ಕಲಿತು ರಿಮೋಟ್ ಪೈಲಟ್ ಪ್ರಮಾಣಪತ್ರ ಪಡೆಯಬಹುದು. ಹತ್ತು ವರ್ಷ ನಡೆಯುತ್ತದೆ. ಶುಲ್ಕ ಹತ್ತಾರು ಸಾವಿರ, ಆದ್ದರಿಂದ ಸೇರುವ ಮೊದಲು ಸಂಸ್ಥೆಗೆ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಿ, ಜಾಹೀರಾತು ನಂಬಬೇಡಿ.

ಮದುವೆ ಬಿಟ್ಟರೆ ಕೆಲಸವಿರುವುದು ಭೂ ಅಳತೆಯಲ್ಲಿ. 2020ರ ಏಪ್ರಿಲ್‌ನಲ್ಲಿ ಶುರುವಾದ ಸ್ವಾಮಿತ್ವ ಯೋಜನೆ ಹಳ್ಳಿಗಳ ಮನೆ-ಜಾಗವನ್ನು ಡ್ರೋನ್‌ನಿಂದಲೇ ಅಳೆಯುತ್ತದೆ. ಸ್ವಸಹಾಯ ಸಂಘದ ಮಹಿಳೆಯರಿಗೆ ಸಿಂಪಡಣೆ ಡ್ರೋನ್ ಕೊಡುವ ನಮೋ ಡ್ರೋನ್ ದೀದಿ ಯೋಜನೆಯ ಗುರಿ 15,000 ಸಂಘಗಳು. ಅಡಿಕೆಗೆ ಮದ್ದು ಹೊಡೆಯುವ ಡ್ರೋನ್ ಬಗ್ಗೆ ಮಾತ್ರ ನನಗೆ ಪೂರ್ತಿ ನಂಬಿಕೆ ಬಂದಿಲ್ಲ. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ತಾಗಬೇಕಾದದ್ದು ಕೊನೆಗೆ. ಕೊನೆ ಇರುವುದು ಸೋಗೆಯ ಕೆಳಗೆ. ಮೇಲಿನಿಂದ ಹೊಡೆದರೆ ಸೋಗೆ ಸ್ನಾನ ಮಾಡುತ್ತದೆ, ಕೊನೆ ಒಣಗಿಯೇ ಇರುತ್ತದೆ. ಇದನ್ನು ಸರಿಮಾಡುವ ಎಂಜಿನಿಯರ್ ನಮ್ಮ ಊರಿನ ಯಾವುದಾದರೂ ತೋಟದ ಮನೆಯಿಂದಲೇ ಬಂದರೆ ಚೆನ್ನ, ಕೊನೆ ಎಲ್ಲಿರುತ್ತದೆ ಎಂದು ಅವನಿಗೆ, ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಜ್ಜಿಯ ವಿಷಯ ಹೇಳಿ ಮುಗಿಸುತ್ತೇನೆ. ಈಗ ಹಾರಿಸುವ ಹಿಂದಿನ ಸಂಜೆ ಅವರ ಮನೆಗೆ ಹೋಗಿ ಹೇಳಿ ಬರುತ್ತೇನೆ. ಮೊದಲ ಸಲ ಹೇಳಲು ಹೋದಾಗ ಅವರು ಬೇಡವೆಂದರೆ ಅಲ್ಲಿಗೇ ನಿಲ್ಲಿಸಬೇಕು ಎಂದುಕೊಂಡಿದ್ದೆ. 'ಅಡ್ಡಿಲ್ಲೆ, ಯಂಗ್ಳ ಮನೆ ಮಾಡು ಕಾಣ್ತನಾ ಅದ್ರಲ್ಲಿ?' ಎಂದು ಕೇಳಿದರು. ಮರುದಿನ ಗದ್ದೆಯ ಹಾಳಿಯ ಮೇಲೆ ಬಂದು ಕೂತು ಪೂರ್ತಿ ನೋಡಿದರು. ಇಳಿಸಿದ ಮೇಲೆ ಫೋನಿನಲ್ಲಿ ತೋರಿಸಿದೆ. ಅವರ ಮನೆ ಬಂದಾಗ ನಿಲ್ಲಿಸಿ ದೊಡ್ಡದು ಮಾಡಿದೆ. ಹಂಚಿನ ಮಾಡು, ಅಂಗಳದಲ್ಲಿ ಒಣಗಿಸಿದ ಅಡಿಕೆ, ತುಳಸಿಕಟ್ಟೆ. ಮಾಡಿನ ಹಿಂಬದಿಯಲ್ಲಿ ಒಂದು ಕಪ್ಪು ಚುಕ್ಕಿ.

ಹಂಚು ಸರಿದಿತ್ತು. ಮಳೆಗಾಲದಲ್ಲಿ ಅಡುಗೆಮನೆ ಯಾಕೆ ಸೋರುತ್ತದೆ ಎಂದು ಈಗ ಗೊತ್ತಾಯಿತು ಎಂದರು. ಮಧ್ಯಾಹ್ನ ಊಟವಾದ ಮೇಲೆ ನಾವು ಮೂವರೂ ಏಣಿ ಹೊತ್ತುಕೊಂಡು ಹೋದೆವು.